ಕೇಳುವ ಮೊದಲೇ ಕೊಡಿ: ನಾಯಿ, ಬೆಕ್ಕು ಇರುವ ಮನೆಯಲ್ಲಿ ಕೂತು ಆಫೀಸ್ ಕೆಲಸ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಮಧ್ಯಾಹ್ನ ಮೂರೂವರೆ ಗಂಟೆ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ, ಮಹಡಿ ಕೋಣೆಯಲ್ಲಿ ಕೂತು ಮೀಟಿಂಗ್‌ನಲ್ಲಿದ್ದೆ. ನಾನು ಮಾತಾಡುವ ಸರದಿ ಬಂತು. ಸರಿಯಾಗಿ ಆಗಲೇ ಕೆಳಗೆ ಗೇಟಿನ ಚಿಲಕ ಸದ್ದಾಯಿತು. ನಮ್ಮ ಕರಿಯ ಬೊಗಳಲು ಶುರು ಮಾಡಿದ. ಮ್ಯೂಟ್ ಒತ್ತಿ "ಏಯ್, ಸುಮ್ನಿರೋ" ಅಂತ ಕೂಗಿದೆ. ಅವನು ಇನ್ನೂ ಜೋರು ಮಾಡಿದ. ಬೇರೆ ದಾರಿ ತೋಚದೆ ಒಂದು ಬಿಸ್ಕತ್ತು ಎಸೆದೆ. ಥಟ್ಟನೆ ಸುಮ್ಮನಾದ.

ಮರುದಿನವೂ ಅದೇ ಹೊತ್ತಿಗೆ ಮೀಟಿಂಗ್. ಗೇಟಿನ ಹತ್ತಿರ ಯಾರೂ ಇರಲಿಲ್ಲ. ಆದರೂ ಕರಿಯ ಮೆಟ್ಟಿಲು ಹತ್ತಿ ಬಂದ, ಕುರ್ಚಿ ಪಕ್ಕ ನಿಂತ, ನನ್ನ ಮುಖ ನೋಡಿ ಒಂದೇ ಒಂದು ಸಲ "ಭೌ" ಅಂದ. ಆಮೇಲೆ ಬಿಸ್ಕತ್ತಿನ ಡಬ್ಬಿಯ ಕಡೆ ತಿರುಗಿದ.

ಅವನಿಗೆ ಹಾಗೆ ಕಲಿಸಿದ್ದು ನಾನೇ. ಮನೆಯಿಂದ ಕೆಲಸ ಮಾಡುವ ಎಷ್ಟೋ ಜನ ಗೊತ್ತಿಲ್ಲದೇ ಇದನ್ನೇ ಮಾಡುತ್ತಿದ್ದಾರೆ. ನಾಯಿ ಬೊಗಳಿದಾಗ, ಬೆಕ್ಕು ಲ್ಯಾಪ್‌ಟಾಪ್ ಮೇಲೆ ಕೂತಾಗ ಮಾತ್ರ ಅದರ ಕಡೆ ತಿರುಗುತ್ತೇವೆ. ಸುಮ್ಮನೆ ಮಲಗಿದ್ದಾಗ "ಸದ್ಯ, ಮಲಗಿದೆ" ಅಂತ ಬಿಟ್ಟುಬಿಡುತ್ತೇವೆ. ಹಾಗಾದರೆ ಅದು ಏನು ಕಲಿಯಬೇಕು ಹೇಳಿ?

ಈ ಬರಹದಲ್ಲಿ ನಾನು ಹೇಳುವ ಎಲ್ಲ ಹೆಜ್ಜೆಗಳ ಹಿಂದೆ ಇರುವುದು ಒಂದೇ ವಿಷಯ. ಅದಕ್ಕೆ ಬೇಕಾದದ್ದನ್ನು ಅದು ಕೇಳುವ ಮೊದಲೇ ಕೊಡಿ. ಬೊಗಳಿ ಕೇಳಿದ ಮೇಲೆ ಕೊಟ್ಟರೆ ಬೊಗಳುವುದನ್ನೇ ಕಲಿಸಿದ ಹಾಗೆ.

ಮೊದಲು ಒಂದು ವಾರ ಬರೆದಿಡಿ

ಏನೂ ಬದಲಾಯಿಸಬೇಡಿ, ಒಂದು ವಾರ ಬರೀ ಗಮನಿಸಿ. ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಸಲ ಅಡಚಣೆ ಆದಾಗ ನಾಲ್ಕು ವಿಷಯ ಬರೆಯಿರಿ: ಎಷ್ಟು ಗಂಟೆ, ಏನು ಮಾಡಿತು, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು, ನೀವು ಏನು ಮಾಡಿದಿರಿ. ನಾಲ್ಕನೆಯದನ್ನು ಬಿಡಬೇಡಿ. ನಿಜವಾದ ಸುಳಿವು ಸಿಗುವುದೇ ಅಲ್ಲಿ.

ನಮ್ಮ ಮನೆಯ ನೋಟ್‌ಬುಕ್ ನೋಡಿದಾಗ ಅಡಚಣೆಗಳು ನಾಲ್ಕೇ ನಾಲ್ಕು ಬಗೆಯವು ಅಂತ ತಿಳಿಯಿತು. ಒಂದು, ಸದ್ದು: ಬೆಳಿಗ್ಗೆ ಕಸದ ಗಾಡಿ, ಹತ್ತು ಗಂಟೆ ಸುಮಾರಿಗೆ ಸೊಪ್ಪಿನವರು, ಮಧ್ಯಾಹ್ನ ಪಾರ್ಸಲ್ ತರುವ ಹುಡುಗರು. ಎರಡು, ಹೊಟ್ಟೆ ಅಥವಾ ಹೊರಗೆ ಹೋಗುವ ಅವಸರ. ಮೂರು, ಬೇಜಾರು. ನಾಲ್ಕನೆಯದು ನಾನು ಊಹಿಸಿಯೇ ಇರಲಿಲ್ಲ. ನಾನು ಕಾಲ್‌ನಲ್ಲಿ ನಗುತ್ತಾ ಮಾತಾಡಿದಾಗಲೆಲ್ಲ ಕರಿಯ ಬಾಲ ಅಲ್ಲಾಡಿಸುತ್ತಾ ಬರುತ್ತಿದ್ದ. ಕೋಣೆಯಲ್ಲಿ ಬೇರೆ ಯಾರೂ ಇಲ್ಲ, ನಾನು ಮಾತ್ರ ಪ್ರೀತಿಯ ದನಿಯಲ್ಲಿ ಮಾತಾಡುತ್ತಿದ್ದೇನೆ. ತನ್ನನ್ನೇ ಕರೆಯುತ್ತಿದ್ದಾರೆ ಅಂತ ಅವನಿಗೆ ಅನಿಸಿದ್ದರಲ್ಲಿ ತಪ್ಪೇನಿದೆ?

ಬಗೆ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಹಸಿವಿಗೆ ಊಟದ ಹೊತ್ತು ಸರಿ ಮಾಡಬೇಕು. ಸದ್ದಿಗೆ ಬೇರೆ ಅಭ್ಯಾಸ ಬೇಕು. ಬೇಜಾರಿಗೆ ಮಾಡಲು ಏನಾದರೂ ಕೆಲಸ ಕೊಡಬೇಕು. ಎಲ್ಲಕ್ಕೂ ಒಂದೇ ಬಿಸ್ಕತ್ತು ಎಸೆದರೆ ಯಾವುದೂ ಸರಿಹೋಗುವುದಿಲ್ಲ.

ಲಾಗಿನ್‌ಗೆ ಮುಂಚಿನ ಎರಡೂವರೆ ಗಂಟೆ

ಬೆಳೆದ ನಾಯಿ ದಿನಕ್ಕೆ ಸುಮಾರು 12ರಿಂದ 14 ಗಂಟೆ ನಿದ್ದೆ ಮಾಡುತ್ತದೆ. ಬೆಕ್ಕು ಇನ್ನೂ ಜಾಸ್ತಿ ಮಲಗುತ್ತದೆ. ಅಂದರೆ ನೀವು ಕೆಲಸ ಮಾಡುವ ಎಂಟೊಂಬತ್ತು ಗಂಟೆ ಅದನ್ನು ರಮಿಸುತ್ತಾ ಕೂರಬೇಕಾಗಿಲ್ಲ. ಅದು ಹೇಗೂ ಮಾಡುವ ನಿದ್ದೆಯನ್ನು ನಿಮ್ಮ ಕೆಲಸದ ಹೊತ್ತಿಗೆ ತಂದು ಕೂರಿಸಿದರೆ ಸಾಕು.

ಅದಕ್ಕೆ ಒಂದು ಕ್ರಮವಿದೆ: ಮೊದಲು ತಿರುಗಾಟ, ಆಮೇಲೆ ಸ್ವಲ್ಪ ವಿಶ್ರಾಂತಿ, ಆಮೇಲೆ ಊಟ, ಆಮೇಲೆ ನಿದ್ದೆ. ಒಂಬತ್ತೂವರೆಗೆ ಲಾಗಿನ್ ಆಗುವವರು ಎಂಟು ಗಂಟೆಗೆ ಹೊರಟರೆ ತಡವಾಯಿತು ಅಂತಲೇ ಲೆಕ್ಕ. ನಾನು ಏಳಕ್ಕೆ ಹೊರಡುತ್ತೇನೆ. ಮಾರ್ಚ್, ಏಪ್ರಿಲ್‌ನಲ್ಲಿ ಇನ್ನೂ ಬೇಗ, ಯಾಕೆಂದರೆ ಟಾರು ರಸ್ತೆ ಬೇಗ ಕಾಯುತ್ತದೆ. ಕೈ ಹಿಂಭಾಗವನ್ನು ರಸ್ತೆಗೆ ಒತ್ತಿ ಐದಾರು ಸೆಕೆಂಡ್ ಇಡಿ. ನಿಮಗೆ ತಡೆಯಲು ಆಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ.

ತಿರುಗಾಟದಲ್ಲಿ ಎಷ್ಟು ದೂರ ಹೋದಿರಿ ಅನ್ನುವುದಕ್ಕಿಂತ ಎಷ್ಟು ಮೂಸಲು ಬಿಟ್ಟಿರಿ ಅನ್ನುವುದು ಮುಖ್ಯ. ಹಗ್ಗ ಹಿಡಿದು ದರದರ ಎಳೆದುಕೊಂಡು ಹೋದ ಅರ್ಧ ಗಂಟೆಗಿಂತ, ಹೊಂಗೆ ಮರದ ಬುಡ, ಕಾಂಪೌಂಡಿನ ಮೂಲೆ, ಲೈಟ್ ಕಂಬ ಎಲ್ಲವನ್ನೂ ನಿಧಾನವಾಗಿ ಮೂಸಿದ ಇಪ್ಪತ್ತು ನಿಮಿಷ ನಾಯಿಯನ್ನು ಚೆನ್ನಾಗಿ ದಣಿಸುತ್ತದೆ. ಮೂಸುವುದು ಅದರ ತಲೆಗೆ ಕೆಲಸ. ನಾವು ಪೇಪರ್ ಓದುವ ಹಾಗೆ ಅದು ಬೀದಿಯನ್ನು ಓದುತ್ತದೆ. ಓದಿ ಮುಗಿಸಲು ಬಿಡಿ.

ಊಟದ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ಕಡೆ ಮನೆಯಲ್ಲಿ ಉಳಿದದ್ದನ್ನು ನಾಯಿಗೆ ಹಾಕುವುದು ರೂಢಿ. ಮುದ್ದೆ, ಮೊಸರನ್ನ, ಬೇಯಿಸಿದ ಮೊಟ್ಟೆ ಇವೆಲ್ಲ ಮಿತವಾಗಿ ಪರವಾಗಿಲ್ಲ. ಆದರೆ ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ. ಪಾಯಸದ ಒಣದ್ರಾಕ್ಷಿ ಬೇಡ, ಹಸಿ ದ್ರಾಕ್ಷಿಯೂ ಬೇಡ, ಚಾಕೊಲೇಟ್ ಬೇಡವೇ ಬೇಡ. ಇವು ನಾಯಿಗೆ ವಿಷ. ಬೇಯಿಸಿದ ಕೋಳಿ ಮೂಳೆ ಚೂರುಚೂರಾಗಿ ಒಡೆದು ಗಂಟಲು, ಕರುಳಿಗೆ ಚುಚ್ಚುತ್ತದೆ. ಮೀಟಿಂಗ್ ನಡುವೆ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಎಸೆಯುವಾಗಲೇ ಈ ತಪ್ಪುಗಳು ಆಗುವುದು.

ಅದಕ್ಕೆ ಅಂತ ಒಂದು ಜಾಗ

ಇದಕ್ಕೆ ನಿಮ್ಮ ಎರಡು ಮೂರು ವಾರ ಹೋಗುತ್ತದೆ. ಆದರೆ ಇಷ್ಟು ಫಲ ಕೊಡುವ ಹೆಜ್ಜೆ ಇನ್ನೊಂದಿಲ್ಲ.

ಒಂದು ಗೋಣಿಚೀಲ ತಗೊಳ್ಳಿ, ಮೇಲೆ ಹಳೇ ಬೆಡ್‌ಶೀಟ್ ಮಡಿಸಿ ಹಾಕಿ. ನಿಮ್ಮ ಕುರ್ಚಿಯಿಂದ ನಾಲ್ಕೈದು ಅಡಿ ದೂರದಲ್ಲಿ, ನೀವು ಕಾಣುವ ಕಡೆ ಇಡಿ. ಬಾಗಿಲ ಹತ್ತಿರ ಬೇಡ, ಫ್ಯಾನ್ ಗಾಳಿ ಬರುವ ಮೂಲೆ ಒಳ್ಳೆಯದು. ಬಟಾಣಿ ಗಾತ್ರಕ್ಕೆ ಕತ್ತರಿಸಿದ ಬೇಯಿಸಿದ ಮೊಟ್ಟೆ ಅಥವಾ ಪನೀರ್ ಒಂದು ಬಟ್ಟಲಲ್ಲಿ ಇಟ್ಟುಕೊಳ್ಳಿ.

ಮೊದಲ ದಿನ ಕೆಲಸದ ಹೊತ್ತಲ್ಲಿ ಬೇಡ, ಬಿಡುವಿದ್ದಾಗ ಮಾಡಿ. ನಾಯಿ ತಾನಾಗಿ ಗೋಣಿಚೀಲದ ಮೇಲೆ ಒಂದು ಕಾಲಿಟ್ಟರೂ ಸಾಕು, ಒಂದು ತುಂಡನ್ನು ಅದರ ಮೇಲೆ ಹಾಕಿ. ಕೈಯಿಂದ ಕೊಡಬೇಡಿ. ಕೈಯಿಂದ ಕೊಟ್ಟರೆ ಅದು ನಿಮ್ಮ ಕೈ ಹಿಂದೆ ಬರುತ್ತದೆ. ಗೋಣಿಚೀಲದ ಮೇಲೆ ಬಿದ್ದರೆ ಅದಕ್ಕೆ ಆ ಜಾಗವೇ ಇಷ್ಟವಾಗುತ್ತದೆ. ಇದು ಚಿಕ್ಕ ವಿಷಯ ಅನಿಸಬಹುದು, ಆದರೆ ನಾನು ಮೊದಲ ಸಲ ಸೋತಿದ್ದೇ ಇಲ್ಲಿ. ಕೈಯಿಂದ ಕೊಡುತ್ತಿದ್ದೆ, ಕರಿಯ ಚೀಲ ಬಿಟ್ಟು ನನ್ನ ಮೊಣಕಾಲಿಗೆ ಅಂಟಿಕೊಂಡಿದ್ದ.

ಎರಡು ಮೂರು ದಿನದಲ್ಲಿ ಅದು ತಾನಾಗಿ ಅಲ್ಲಿ ಹೋಗಿ ನಿಲ್ಲಲು, ಕೂರಲು ಶುರು ಮಾಡುತ್ತದೆ. ಆಗ "ಜಾಗ" ಅಂತ ಒಂದು ಮಾತು ಸೇರಿಸಿ. ಕೂತರೆ ಮೂರು ಸೆಕೆಂಡ್ ಬಿಟ್ಟು ಒಂದು ತುಂಡು. ಆಮೇಲೆ ಐದು, ಹತ್ತು, ಇಪ್ಪತ್ತು ಸೆಕೆಂಡ್. ಆಮೇಲೆ ಅರ್ಧ ನಿಮಿಷ. ಎದ್ದು ಬಂದರೆ ಬಯ್ಯಬೇಡಿ, ನೀವು ಆತುರ ಪಟ್ಟಿರಿ ಅಂತ ಅಷ್ಟೇ. ಒಂದು ಮೆಟ್ಟಿಲು ಕೆಳಗಿಳಿದು ಮತ್ತೆ ಶುರು ಮಾಡಿ.

ದಸರಾ ಹತ್ತಿರ ಬಂದಾಗ ಆನೆಗಳಿಗೆ ತಾಲೀಮು ನಡೆಯುವುದನ್ನು ಮೈಸೂರಿನವರು ನೋಡಿಯೇ ಇರುತ್ತೀರಿ. ಬಂದ ದಿನವೇ ಯಾರೂ ಅಂಬಾರಿ ಹೊರಿಸುವುದಿಲ್ಲ. ಮೊದಲು ಬರೀ ನಡಿಗೆ. ಆಮೇಲೆ ಬೆನ್ನ ಮೇಲೆ ಮರಳಿನ ಮೂಟೆ, ದಿನ ಕಳೆದ ಹಾಗೆ ಭಾರ ಜಾಸ್ತಿ. ಆಮೇಲೆ ಮರದ ಅಂಬಾರಿ. ವಿಜಯದಶಮಿಗೆ 750 ಕೆಜಿಯ ಚಿನ್ನದ ಅಂಬಾರಿ. ಅಷ್ಟು ದೊಡ್ಡ ಆನೆಗೇ ಇಷ್ಟು ತಾಳ್ಮೆಯಿಂದ ಅಭ್ಯಾಸ ಮಾಡಿಸುವಾಗ, ನಮ್ಮ ನಾಯಿ ಮೊದಲ ದಿನವೇ ಒಂದು ಗಂಟೆ ಮೀಟಿಂಗ್ ಪೂರ್ತಿ ಸುಮ್ಮನಿರಬೇಕು ಅಂತ ಬಯಸುವುದು ನ್ಯಾಯವಲ್ಲ.

ಒಂದು ಸಲಕ್ಕೆ ಒಂದೇ ಭಾರ ಹೆಚ್ಚಿಸಿ. ಹೊತ್ತು ಹೆಚ್ಚಿಸುವಾಗ ದೂರ ಹೆಚ್ಚಿಸಬೇಡಿ. ದೂರ ಹೆಚ್ಚಿಸುವಾಗ ಸದ್ದು ಸೇರಿಸಬೇಡಿ. ಒಂದೆರಡು ನಿಮಿಷ ಗಟ್ಟಿಯಾದ ಮೇಲೆ ನೀವು ಕುರ್ಚಿಯಲ್ಲಿ ಕೂತು ಟೈಪ್ ಮಾಡಿ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಸುಳ್ಳು ಮೀಟಿಂಗ್ ನಡೆಸಿ. "ಹೌದು ಸರ್, ನಾಳೆ ಕಳಿಸ್ತೀನಿ ಸರ್" ಅಂತ ನಗುತ್ತಾ ಮಾತಾಡಿ. ಅದು ಜಾಗದಲ್ಲೇ ಇದ್ದರೆ ಮಾತು ನಿಲ್ಲಿಸದೇ ಒಂದು ತುಂಡು ಎಸೆಯಿರಿ. ಹೀಗೆ ಒಂದು ವಾರ ಮಾಡಿದರೆ ನೀವು ಹೆಡ್‌ಫೋನ್ ಕೈಗೆ ತಗೊಂಡ ತಕ್ಷಣ ನಾಯಿ ಹೋಗಿ ಗೋಣಿಚೀಲದ ಮೇಲೆ ಮಲಗುತ್ತದೆ. ಕರಿಯ ಈಗ ಹಾಗೇ ಮಾಡುತ್ತಾನೆ. ಮೂರು ಸುತ್ತು ತಿರುಗುತ್ತಾನೆ, ಒಂದು ಉಸಿರು ಬಿಡುತ್ತಾನೆ, ಗಲ್ಲವನ್ನು ನೆಲಕ್ಕೆ ಒತ್ತುತ್ತಾನೆ.

ಎರಡು ನಾಯಿ ಇದ್ದರೆ ಬೇರೆ ಬೇರೆ ಚೀಲ, ಬೇರೆ ಬೇರೆ ಹೊತ್ತಲ್ಲಿ ಅಭ್ಯಾಸ. ಇಬ್ಬರಿಗೂ ಬಂದ ಮೇಲೆ ಒಟ್ಟಿಗೆ ಕೂರಿಸಿ.

ಮರಿಯಾದರೆ ಲೆಕ್ಕ ಬೇರೆ. ಎಷ್ಟು ತಿಂಗಳಾಗಿದೆಯೋ ಹೆಚ್ಚೆಂದರೆ ಅಷ್ಟು ಗಂಟೆ ಮೂತ್ರ ತಡೆಯುತ್ತದೆ ಅಂತ ಒಂದು ಅಂದಾಜು. ಎಚ್ಚರವಿದ್ದು ಆಡುತ್ತಿರುವಾಗ ಅಷ್ಟೂ ತಡೆಯುವುದಿಲ್ಲ. ಹಾಗಾಗಿ ಮೂರು ತಿಂಗಳ ಮರಿ ಇರುವವರು ಪ್ರತಿ ಎರಡು ಗಂಟೆಗೆ ಕ್ಯಾಲೆಂಡರ್‌ನಲ್ಲಿ ಹತ್ತು ನಿಮಿಷ ಬ್ಲಾಕ್ ಮಾಡಿ. ಈ ವಯಸ್ಸು ಹೇಗೂ ಬೇಗ ಕಳೆದುಹೋಗುತ್ತದೆ.

ಉದ್ದ ಮೀಟಿಂಗ್‌ಗೆ ಉದ್ದ ತಿಂಡಿ

ನೆಕ್ಕುವುದು, ಜಗಿಯುವುದು ನಾಯಿಯನ್ನು ತಣ್ಣಗೆ ಮಾಡುತ್ತದೆ. ಒಳಗೆ ಟೊಳ್ಳಿರುವ ರಬ್ಬರ್ ಆಟಿಕೆ ಅಂಗಡಿಯಲ್ಲಿ ಸಿಗುತ್ತದೆ. ಅದು ಇಲ್ಲದಿದ್ದರೂ ಪರವಾಗಿಲ್ಲ. ಒಂದು ಸ್ಟೀಲ್ ತಟ್ಟೆಗೆ ಸಪ್ಪೆ ಮೊಸರನ್ನವನ್ನು ತೆಳ್ಳಗೆ ಸವರಿ, ರಾತ್ರಿ ಫ್ರೀಜರ್‌ನಲ್ಲಿಡಿ. ಗಟ್ಟಿಯಾದ ಆ ತಟ್ಟೆಯನ್ನು ಕರಿಯ ನೆಕ್ಕಿ ಮುಗಿಸಲು ಇಪ್ಪತ್ತು, ಇಪ್ಪತ್ತೈದು ನಿಮಿಷ ತಗೊಳ್ಳುತ್ತಾನೆ. ಆಮೇಲೆ ನಿದ್ದೆ. ತಟ್ಟೆ ನೆಲದ ಮೇಲೆ ಕರಕರ ಅನ್ನದ ಹಾಗೆ ಕೆಳಗೆ ಒದ್ದೆ ಬಟ್ಟೆ ಹಾಕಿ.

ಇನ್ನೊಂದು ಉಪಾಯ ಹಳೇ ಟವೆಲ್. ಟವೆಲ್ ಹಾಸಿ, ಅದರ ಊಟದ ಕಾಳುಗಳನ್ನು ಉದುರಿಸಿ, ಚಾಪೆ ಸುತ್ತಿದ ಹಾಗೆ ಸುತ್ತಿ ಕೊಡಿ. ಬಿಡಿಸುತ್ತಾ ಹುಡುಕುತ್ತದೆ. ಬಟ್ಟೆ ನುಂಗುವ ನಾಯಿಗೆ ಇದು ಬೇಡ. ತೆಂಗಿನ ಚಿಪ್ಪು, ನಾರು ಕೂಡ ಕೊಡಬೇಡಿ. ಆಟವಾಡಲು ಚೆನ್ನಾಗಿದೆ ಅನಿಸಿದರೂ ನಾರು ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ.

ಹೀಗೆ ಕೊಟ್ಟಿದ್ದನ್ನು ದಿನದ ಊಟದ ಲೆಕ್ಕದಲ್ಲೇ ಕಳೆಯಿರಿ, ಇಲ್ಲದಿದ್ದರೆ ಎರಡು ತಿಂಗಳಲ್ಲಿ ತೂಕ ಏರುತ್ತದೆ. ಮುಖ್ಯವಾಗಿ, ಮೀಟಿಂಗ್ ಶುರುವಾಗುವ ಐದು ನಿಮಿಷ ಮುಂಚೆ, ನಾಯಿ ಸುಮ್ಮನಿರುವಾಗಲೇ ಕೊಡಿ. ಬೊಗಳಿದ ಮೇಲೆ ಫ್ರಿಡ್ಜ್ ಕಡೆ ಓಡಿದರೆ ನನ್ನ ಬಿಸ್ಕತ್ತಿನ ಕಥೆಯೇ ಮತ್ತೆ ನಡೆಯುತ್ತದೆ.

ಗೇಟು, ಬೆಲ್, ಕಸದ ಗಾಡಿ

ಬೊಗಳುವ ನಾಯಿಗೆ ಕುರ್ಚಿಯಿಂದ ಕೂಗಿದರೆ ಏನಾಗುತ್ತದೆ ಗೊತ್ತಾ? ಮನೆಯವರೂ ನನ್ನ ಜೊತೆ ಸೇರಿ ಬೊಗಳುತ್ತಿದ್ದಾರೆ ಅಂತ ಅದು ತಿಳಿದುಕೊಳ್ಳುತ್ತದೆ. ಇನ್ನೂ ಒಂದು ಮಾತಿದೆ. ಅದು ಬೊಗಳಿತು, ಪಾರ್ಸಲ್ ಹುಡುಗ ಹೋದ. ತಾನು ಬೊಗಳಿದ್ದಕ್ಕೇ ಹೋದ ಅಂತ ಅದರ ಲೆಕ್ಕ. ದಿನಾ ಗೆಲ್ಲುವ ಆಟವನ್ನು ಯಾರು ಬಿಡುತ್ತಾರೆ?

ಮೊದಲು ಕಾಣುವುದನ್ನು, ಕೇಳುವುದನ್ನು ಕಡಿಮೆ ಮಾಡಿ. ಬೀದಿ ಕಡೆಯ ಕಿಟಕಿಯ ಕೆಳಗಿನ ಅರ್ಧಕ್ಕೆ ಪರದೆ ಹಾಕಿ. ಗೇಟಿಗೆ ಒಂದು ಚೀಲ ನೇತುಹಾಕಿ, "ಬೆಲ್ ಮಾಡಬೇಡಿ, ಇದರಲ್ಲಿ ಹಾಕಿ ಫೋನ್ ಮಾಡಿ" ಅಂತ ಬೋರ್ಡ್ ಬರೆಯಿರಿ. ಹಾಲು, ಪೇಪರ್, ಹೂವಿನವರಿಗೆ ಒಮ್ಮೆ ಬಾಯಿಮಾತಲ್ಲಿ ಹೇಳಿದರೆ ಸಾಕು, ಅವರು ಮರೆಯುವುದಿಲ್ಲ. ಚಿಲಕಕ್ಕೆ ಒಂದು ತುಂಡು ಸೈಕಲ್ ಟ್ಯೂಬ್ ಸುತ್ತಿದೆ. ಅಷ್ಟಕ್ಕೇ ನಮ್ಮ ಮನೆಯಲ್ಲಿ ಬೊಗಳುವುದು ಎಷ್ಟೋ ಇಳಿಯಿತು.

ಆಮೇಲೆ ಅಭ್ಯಾಸ. ಇಲ್ಲೂ ದಸರಾ ಆನೆಗಳೇ ದಾರಿ ತೋರಿಸುತ್ತವೆ. ಕುಶಾಲತೋಪಿನ ಸದ್ದಿಗೆ ಬೆದರಬಾರದು ಅಂತ ಆನೆ, ಕುದುರೆಗಳಿಗೆ ಮುಂಚಿತವಾಗಿಯೇ ಸಿಡಿಮದ್ದು ತಾಲೀಮು ಮಾಡಿಸುತ್ತಾರಲ್ಲ, ಅದೇ ಕ್ರಮ. ನಿಮ್ಮ ಮನೆ ಬೆಲ್‌ನ ಸದ್ದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಾಯಿ ಕಿವಿ ನಿಮಿರಿಸುವಷ್ಟು, ಆದರೆ ಏಳದಷ್ಟು ಸಣ್ಣಗೆ ಹಾಕಿ. ಸದ್ದು ಬಂದ ತಕ್ಷಣ ಗೋಣಿಚೀಲದ ಮೇಲೆ ಒಂದು ತುಂಡು. ಸದ್ದು, ತುಂಡು. ಸದ್ದು, ತುಂಡು. ದಿನಕ್ಕೆ ಐದು ನಿಮಿಷ ಸಾಕು. ಎರಡು ದಿನಕ್ಕೊಮ್ಮೆ ಸ್ವಲ್ಪ ಜೋರು ಮಾಡಿ. ಬೊಗಳಿಬಿಟ್ಟರೆ ಮತ್ತೆ ಸಣ್ಣಗೆ ಮಾಡಿ. ಕೊನೆಗೆ ಮನೆಯವರೊಬ್ಬರು ನಿಜವಾಗಿ ಬೆಲ್ ಒತ್ತಲಿ. ಬೆಲ್ ಅಂದರೆ ಗೋಣಿಚೀಲಕ್ಕೆ ಓಡಬೇಕು ಅಂತ ಅದರ ತಲೆಯಲ್ಲಿ ಕೂರುವವರೆಗೆ ಮಾಡಿ.

ಮಂಡ್ಯದಲ್ಲಿರುವ ನನ್ನ ಗೆಳತಿಯ ಮನೆ ರಸ್ತೆ ಪಕ್ಕದಲ್ಲೇ ಇದೆ. ಕಬ್ಬು ಅರೆಯುವ ಕಾಲದಲ್ಲಿ ಲೋಡ್ ಹೊತ್ತ ಟ್ರ್ಯಾಕ್ಟರ್, ಎತ್ತಿನ ಗಾಡಿ ಸಾಲುಗಟ್ಟಿ ಹೋಗುತ್ತವೆ. ಅವಳ ನಾಯಿ ಪ್ರತಿ ಗಾಡಿಗೂ ಕಾಂಪೌಂಡ್ ಉದ್ದಕ್ಕೂ ಓಡಿ ಬೊಗಳುತ್ತಿತ್ತು. ರೆಕಾರ್ಡಿಂಗ್ ಕೆಲಸ ಮಾಡಲಿಲ್ಲ, ಯಾಕೆಂದರೆ ಅದಕ್ಕೆ ಸದ್ದಿಗಿಂತ ನೆಲದ ಅದುರುವಿಕೆ ಜಾಸ್ತಿ ತಟ್ಟುತ್ತಿತ್ತು. ಕೊನೆಗೆ ಆಫೀಸ್ ಕೋಣೆಯನ್ನೇ ಹಿತ್ತಲ ಕಡೆಗೆ ಬದಲಾಯಿಸಿದಳು. ಕೆಲವೊಮ್ಮೆ ಮೇಜು ಸರಿಸುವುದು ನಾಯಿಗೆ ಕಲಿಸುವುದಕ್ಕಿಂತ ಸುಲಭ, ಅದರಲ್ಲಿ ತಪ್ಪೇನೂ ಇಲ್ಲ.

ಕರೆಂಟ್ ಹೋದಾಗ ಯುಪಿಎಸ್ "ಟೀಂ ಟೀಂ" ಅನ್ನುತ್ತದಲ್ಲ, ಕೆಲವು ನಾಯಿಗಳಿಗೆ ಆ ಸದ್ದು ತುಂಬಾ ಹೆದರಿಕೆ. ಎಷ್ಟೋ ಯುಪಿಎಸ್‌ಗಳಲ್ಲಿ ಅದನ್ನು ನಿಲ್ಲಿಸುವ ಬಟನ್ ಇರುತ್ತದೆ, ನೋಡಿ.

ಬೆಕ್ಕಿನ ದಾರಿಯೇ ಬೇರೆ

ನಮ್ಮ ಪುಟ್ಟಿ, ಬಿಳಿ ಹೊಟ್ಟೆಯ ಬೂದು ಬೆಕ್ಕು, ಲ್ಯಾಪ್‌ಟಾಪ್ ತೆರೆದರೆ ಸಾಕು ಬರುತ್ತಿದ್ದಳು. ಮೊದಲು ಬಾಲದಿಂದ ಸ್ಕ್ರೀನ್ ಒರೆಸುವುದು, ಆಮೇಲೆ ಕೀಬೋರ್ಡ್ ಮೇಲೆ ನಾಲ್ಕೂ ಕಾಲು, ಆಮೇಲೆ ನನ್ನ ಎರಡು ಕೈಗಳ ನಡುವೆ ಮೈ ಚೆಲ್ಲಿ ಕೂರುವುದು. ಎತ್ತಿ ಕೆಳಗಿಟ್ಟರೆ ಮರುಗಳಿಗೆಯಲ್ಲಿ ಮೇಲೆ. ಎತ್ತುವುದೇ ಅವಳಿಗೆ ಆಟವಾಗಿತ್ತು.

ಬೆಕ್ಕು ಅಲ್ಲಿಗೇ ಯಾಕೆ ಬರುತ್ತದೆ ಅಂತ ಯೋಚಿಸಿ. ಲ್ಯಾಪ್‌ಟಾಪ್ ಬೆಚ್ಚಗಿದೆ. ಬೆಕ್ಕಿಗೆ ಹಿತವಾಗುವ ಬಿಸಿ ನಮಗಿಂತ ಜಾಸ್ತಿ, 30 ಡಿಗ್ರಿ ದಾಟಿದರೇ ಅದಕ್ಕೆ ಆರಾಮ. ಡಿಸೆಂಬರ್, ಜನವರಿಯ ಮೈಸೂರಿನ ಚಳಿಯಲ್ಲಿ ಲ್ಯಾಪ್‌ಟಾಪ್ ಅದರ ಪಾಲಿಗೆ ಒಲೆ. ಜೊತೆಗೆ ಎತ್ತರದ ಜಾಗ, ನಿಮ್ಮ ವಾಸನೆ, ನಿಮ್ಮ ಕಣ್ಣು ಎಲ್ಲವೂ ಅಲ್ಲೇ ಇವೆ.

ಹಾಗಾಗಿ ಇವೆಲ್ಲ ಇರುವ ಇನ್ನೊಂದು ಜಾಗ ಮಾಡಿಕೊಡಿ. ಪಾರ್ಸಲ್ ಬಂದ ರಟ್ಟಿನ ಪೆಟ್ಟಿಗೆ, ಬೆಕ್ಕು ಮುದುಡಿ ಕೂತರೆ ಸರಿಹೋಗುವಷ್ಟು ದೊಡ್ಡದು. ಒಳಗೆ ನೀವು ಉಟ್ಟು ಬಿಟ್ಟ ಹಳೇ ಸ್ವೆಟರ್. ಚಳಿಗಾಲದಲ್ಲಿ ಬಿಸಿನೀರಿನ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ಅಡಿಯಲ್ಲಿಡಿ. ಪೆಟ್ಟಿಗೆಯನ್ನು ಮೇಜಿನ ಮೇಲೇ ಇಡಿ, ಸ್ಕ್ರೀನ್ ಪಕ್ಕ, ಕೈಗೆ ಎಟುಕುವಷ್ಟು ಹತ್ತಿರ. ಬೆಕ್ಕನ್ನು ನೆಲಕ್ಕೆ ಇಳಿಸುವ ಆಸೆ ಬಿಡಿ, ಅದು ನಡೆಯುವ ಮಾತಲ್ಲ. ಪೆಟ್ಟಿಗೆಯಲ್ಲಿ ಕೂತಾಗಲೆಲ್ಲ ಕತ್ತು ಕೆರೆಯಿರಿ. ಕೀಬೋರ್ಡ್ ಮೇಲೆ ಬಂದಾಗ ಮಾತಿಲ್ಲದೆ, ಮುಖ ನೋಡದೆ, ಎತ್ತಿ ಪೆಟ್ಟಿಗೆಗೆ ಹಾಕಿ. ಪುಟ್ಟಿಗೆ ಇದು ಅರ್ಥವಾಗಲು ಹತ್ತು ದಿನ ಬೇಕಾಯಿತು.

ಬೆಕ್ಕು ಬೆಳಗಿನ ಜಾವ ಮತ್ತು ಮುಸ್ಸಂಜೆ ಹೆಚ್ಚು ಚುರುಕು. ಅಮೆರಿಕದ ತಂಡದ ಜೊತೆ ಸಂಜೆ ಮೀಟಿಂಗ್ ಇರುವವರಿಗೆ ಇದೇ ದೊಡ್ಡ ಕಷ್ಟ. ಮೀಟಿಂಗ್‌ಗೆ ಅರ್ಧ ಗಂಟೆ ಮುಂಚೆ ಕೋಲಿಗೆ ದಾರ ಕಟ್ಟಿ, ತುದಿಗೆ ಗರಿ ಅಥವಾ ಬಟ್ಟೆ ಚೂರು ಕಟ್ಟಿ ಹತ್ತು ನಿಮಿಷ ಬೇಟೆ ಆಡಿಸಿ. ಇಲಿ ಓಡಿದ ಹಾಗೆ ನಿಲ್ಲಿಸಿ ನಿಲ್ಲಿಸಿ ಎಳೆಯಿರಿ, ಕೊನೆಗೆ ಹಿಡಿಯಲು ಬಿಡಿ. ಹಿಡಿದ ತಕ್ಷಣ ಊಟ ಹಾಕಿ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ. ಬೆಕ್ಕಿನ ಹುಟ್ಟುಗುಣವೇ ಈ ಕ್ರಮ, ನೀವು ಮೊದಲ ಎರಡನ್ನು ಕೊಟ್ಟರೆ ಉಳಿದ ಎರಡು ತಾನಾಗಿ ಬರುತ್ತವೆ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡುವುದು ಮರೆಯಬೇಡಿ, ನುಂಗಿದರೆ ಅಪಾಯ.

ಎದ್ದು ಹೋಗುವಾಗ ಸ್ಕ್ರೀನ್ ಲಾಕ್ ಮಾಡಿ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಎಲ್, ಮ್ಯಾಕ್‌ನಲ್ಲಿ ಕಂಟ್ರೋಲ್, ಕಮಾಂಡ್, ಕ್ಯೂ ಮೂರನ್ನೂ ಒಟ್ಟಿಗೆ ಒತ್ತಬೇಕು. ಪುಟ್ಟಿ ಒಮ್ಮೆ ನಾನು ಅರ್ಧ ಬರೆದ ಮೆಸೇಜನ್ನು ಇಡೀ ತಂಡಕ್ಕೆ ಕಳಿಸಿದ ಮೇಲೆ ಈ ಅಭ್ಯಾಸ ಕೈಗೆ ಬಂತು.

ಮನೆಯಲ್ಲಿ ಲವ್ ಬರ್ಡ್ಸ್ ಇದ್ದರೆ ಪಂಜರವನ್ನು ಬೇರೆ ಕೋಣೆಗೆ ಇಡುವುದೊಂದೇ ದಾರಿ. ನಮ್ಮ ನಾಡಿನ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಅದು ಪಂಜರದಲ್ಲಿ ಇರಲೇಬಾರದು.

ಕೋಣೆ ಮತ್ತು ಮೈಕು

ಕೋಣೆಗೆ ಸೊಳ್ಳೆ ಜಾಲರಿಯ ಬಾಗಿಲು ಇದ್ದರೆ ಅದೃಷ್ಟ. ಮರದ ಬಾಗಿಲು ಹಾಕಿದರೆ ನಾಯಿ ಕೆರೆಯುತ್ತದೆ, ಅಳುತ್ತದೆ. ಜಾಲರಿ ಬಾಗಿಲಲ್ಲಿ ನೀವು ಕಾಣುತ್ತೀರಿ, ವಾಸನೆ ಬರುತ್ತದೆ, ಆದರೆ ಒಳಗೆ ಬರಲು ಆಗುವುದಿಲ್ಲ. ಎಷ್ಟೋ ನಾಯಿಗಳಿಗೆ ಅಷ್ಟು ಸಾಕು. ಬೆಕ್ಕು ಮಾತ್ರ ಜಾಲರಿ ಹತ್ತಿ ಹರಿಯುತ್ತದೆ. ಚಾರ್ಜರ್ ವೈರುಗಳನ್ನು ಗೋಡೆಗೆ ಹೊಡೆಯುವ ಪ್ಲಾಸ್ಟಿಕ್ ಪಟ್ಟಿಯೊಳಗೆ ಹಾಕಿಬಿಡಿ. ಮರಿ ಇರುವ ಮನೆಯಲ್ಲಿ ಇದನ್ನು ನಾಳೆಗೆ ಮುಂದೂಡಬೇಡಿ.

ಮೀಟಿಂಗ್‌ನಲ್ಲಿ ಯಾವಾಗಲೂ ಮ್ಯೂಟ್‌ನಲ್ಲಿರಿ, ಮಾತಾಡುವಾಗ ಮಾತ್ರ ತೆಗೆಯಿರಿ. ಝೂಮ್‌ನಲ್ಲಿ ಸ್ಪೇಸ್ ಬಾರ್ ಒತ್ತಿ ಹಿಡಿದಷ್ಟು ಹೊತ್ತು ಮೈಕ್ ತೆರೆದಿರುತ್ತದೆ, ಬಿಟ್ಟರೆ ಮ್ಯೂಟ್. ಟೀಮ್ಸ್‌ನಲ್ಲಿ ಕಂಟ್ರೋಲ್ ಜೊತೆ ಸ್ಪೇಸ್ ಬಾರ್. ಗೂಗಲ್ ಮೀಟ್‌ನಲ್ಲಿ ಕಂಟ್ರೋಲ್ ಜೊತೆ ಡಿ ಒತ್ತಿದರೆ ಮೈಕ್ ಆನ್, ಆಫ್ ಆಗುತ್ತದೆ. ಹಿಂದಿನ ಗದ್ದಲ ತಗ್ಗಿಸುವ ಸೆಟ್ಟಿಂಗ್‌ಗಳಿವೆ, ಹಾಕಿಕೊಳ್ಳಿ. ತೀರಾ ಜಾಸ್ತಿ ಮಾಡಿದರೆ ನಿಮ್ಮ ದನಿಯೂ ಕಟ್ ಆಗಬಹುದು, ಒಮ್ಮೆ ಗೆಳೆಯರ ಜೊತೆ ಪರೀಕ್ಷೆ ಮಾಡಿ ನೋಡಿ. ಲ್ಯಾಪ್‌ಟಾಪ್ ಮೈಕ್‌ಗಿಂತ ಬಾಯಿ ಹತ್ತಿರ ಬರುವ ಹೆಡ್‌ಸೆಟ್ ಮೈಕ್ ತುಂಬಾ ಮೇಲು.

ತಂಡದವರಿಗೆ ಒಂದು ಮಾತು ಮೊದಲೇ ಹೇಳಿಡಿ: "ಮನೆಯಲ್ಲಿ ನಾಯಿ ಇದೆ, ಬೊಗಳಿದರೆ ಅರ್ಧ ನಿಮಿಷ ಮ್ಯೂಟ್ ಆಗ್ತೀನಿ." ಹೇಳಿದ ಮೇಲೆ ನಿಮ್ಮ ಎದೆಬಡಿತ ಇಳಿಯುತ್ತದೆ. ನಿಮ್ಮ ಗಾಬರಿ ಇಳಿದರೆ ನಾಯಿಯದೂ ಇಳಿಯುತ್ತದೆ.

ಆದರೂ ಬಂದುಬಿಟ್ಟರೆ

ಎಲ್ಲ ಮಾಡಿದರೂ ಒಂದು ದಿನ ಬರುತ್ತದೆ. ಆಗ ಮೊದಲು ಮ್ಯೂಟ್. ಕೂಗಬೇಡಿ, ಕಣ್ಣಲ್ಲಿ ಕಣ್ಣಿಡಬೇಡಿ, ತಿಂಡಿ ಬೇಡ. ನಿಜವಾದ ಅವಸರವಿರಬಹುದು ಅನಿಸಿದರೆ ತಂಡಕ್ಕೆ ಹೇಳಿ ಎದ್ದು ಹೋಗಿ. ಇಲ್ಲದಿದ್ದರೆ "ಜಾಗ" ಅಂತ ಒಂದೇ ಸಲ ಹೇಳಿ. ಹೋಗಿ ಮಲಗಿದರೆ ಹತ್ತು ಹದಿನೈದು ಸೆಕೆಂಡ್ ಬಿಟ್ಟು ಮೆಚ್ಚಿಕೊಳ್ಳಿ.

ಇಲ್ಲಿ ಒಂದು ವಿಷಯ ಮೊದಲೇ ಗೊತ್ತಿರಬೇಕು. ಇಷ್ಟು ದಿನ ಬೊಗಳಿದರೆ ಸಿಗುತ್ತಿದ್ದ ಬಿಸ್ಕತ್ತು ನಿಂತಾಗ ನಾಯಿ ಸುಮ್ಮನಾಗುವ ಮೊದಲು ಇನ್ನೂ ಜಾಸ್ತಿ ಬೊಗಳುತ್ತದೆ. ಆರುವ ಮುಂಚೆ ದೀಪ ಜೋರಾಗಿ ಉರಿದ ಹಾಗೆ. ಮೂರನೇ ನಾಲ್ಕನೇ ದಿನ "ಇದೇನೂ ಕೆಲಸ ಮಾಡ್ತಿಲ್ಲ" ಅಂತ ಕೈಚೆಲ್ಲಿ ಒಂದು ಬಿಸ್ಕತ್ತು ಕೊಟ್ಟುಬಿಟ್ಟರೆ, ಇಷ್ಟು ಜೋರಾಗಿ ಬೊಗಳಿದರೆ ಸಿಗುತ್ತದೆ ಅಂತ ಹೊಸ ಪಾಠ ಕಲಿಸಿದ ಹಾಗಾಯಿತು. ಹಾಗಾಗಿ ಮುಖ್ಯ ಮೀಟಿಂಗ್‌ಗಳಿಲ್ಲದ ವಾರ ನೋಡಿ ಶುರು ಮಾಡಿ.

ಮನೆಯವರೂ ಒಂದೇ ಮಾತಿನ ಮೇಲೆ

ನಮ್ಮ ಮನೆಯಲ್ಲಿ ಕಷ್ಟವಾಗಿದ್ದು ಅಮ್ಮನಿಂದ. ನಾನು ಮೇಲೆ ಕೂತು "ಜಾಗ" ಅಂತಿದ್ದರೆ, ಕೆಳಗಿಂದ ಅಮ್ಮ "ಬಾರೋ ಕರಿಯ, ಹಸಿವಾಯ್ತೇನೋ ಮಗನೇ" ಅಂತ ಕರೆಯುತ್ತಿದ್ದರು. ಅವನು ಎರಡು ಕಡೆಯೂ ಊಟ ಮಾಡುತ್ತಿದ್ದ. ಅಮ್ಮನಿಗೆ ಬೇಡ ಅನ್ನಲು ನನಗೆ ಮನಸ್ಸಾಗಲಿಲ್ಲ. ಅವನಿಗೆ ಊಟ ಹಾಕುವುದು ಅವರ ಸಂತೋಷ. ಅದಕ್ಕೆ ಮಧ್ಯಾಹ್ನದ ಊಟವನ್ನು ಪೂರ್ತಿ ಅವರಿಗೇ ಬಿಟ್ಟೆ. "ಒಂದು ಗಂಟೆಗೆ ನೀನೇ ಹಾಕು ಅಮ್ಮ, ಆದರೆ ಅವನು ಕೂತ ಮೇಲೆ ಹಾಕು, ಬೊಗಳುವಾಗ ಬೇಡ" ಅಂದೆ. ಈಗ ಒಂದು ಗಂಟೆಗೆ ಐದು ನಿಮಿಷ ಇರುವಾಗಲೇ ಕರಿಯ ಅಡುಗೆಮನೆ ಹೊಸ್ತಿಲ ಮುಂದೆ ಕೂತಿರುತ್ತಾನೆ, ಮತ್ತು ಮಧ್ಯಾಹ್ನದ ಎರಡು ಗಂಟೆ ನನಗೆ ಪೂರ್ತಿ ನಿಶ್ಶಬ್ದ.

ಮಕ್ಕಳಿದ್ದರೆ ಅವರಿಗೂ ಒಂದು ಜವಾಬ್ದಾರಿ ಕೊಡಿ, ನೀರಿನ ಬಟ್ಟಲು ತುಂಬಿಸುವುದಾದರೂ ಸರಿ.

ಮಾರ್ಚ್ ಮತ್ತು ನವೆಂಬರ್

ಅಮೆರಿಕದವರ ಜೊತೆ ಕೆಲಸ ಮಾಡುವವರು ಇದನ್ನು ಗಮನಿಸಿ. ಅಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ, ನವೆಂಬರ್ ಮೊದಲ ಭಾನುವಾರ ಒಂದು ಗಂಟೆ ಹಿಂದೆ ಮಾಡುತ್ತಾರೆ. ನ್ಯೂಯಾರ್ಕ್‌ನ ಬೆಳಿಗ್ಗೆ ಒಂಬತ್ತರ ಮೀಟಿಂಗ್ ಬೇಸಿಗೆಯಲ್ಲಿ ನಮಗೆ ಸಂಜೆ 6.30, ಚಳಿಗಾಲದಲ್ಲಿ 7.30. ನಮ್ಮ ಮನೆಯಲ್ಲಿ ಕರಿಯನ ರಾತ್ರಿ ಊಟ 7.15ಕ್ಕೆ, ಮೀಟಿಂಗ್ ಮುಗಿದ ಮೇಲೆ. ನವೆಂಬರ್‌ನಲ್ಲಿ ಇದ್ದಕ್ಕಿದ್ದಂತೆ ಊಟ ಎಂಟೂಕಾಲಕ್ಕೆ ಹೋದರೆ ಅವನಿಗೆ ಹೇಗೆ ಗೊತ್ತಾಗಬೇಕು? ಆ ಭಾನುವಾರಕ್ಕೆ ಆರು ದಿನ ಮುಂಚಿನಿಂದಲೇ ದಿನಕ್ಕೆ ಹತ್ತು ನಿಮಿಷದ ಹಾಗೆ ಊಟ, ತಿರುಗಾಟ ಎರಡನ್ನೂ ಸರಿಸುತ್ತಾ ಬನ್ನಿ. ಮಾರ್ಚ್‌ನಲ್ಲಿ ಇದನ್ನೇ ಹಿಂದಕ್ಕೆ ಮಾಡಿ.

ಅಡಚಣೆ ಅಲ್ಲದೇ ಇರುವುದು

ಕೆಲವೊಮ್ಮೆ ಅದು ನಿಮ್ಮ ಬಳಿ ಬರುವುದು ಸಹಾಯ ಬೇಡಿಕೊಂಡು. ಇಷ್ಟು ದಿನ ಸುಮ್ಮನಿದ್ದದ್ದು ಒಮ್ಮೆಲೇ ಅಂಟಿಕೊಂಡರೆ, ಊಟ ಬಿಟ್ಟರೆ, ಪದೇ ಪದೇ ನೀರು ಕುಡಿದರೆ, ಒಂದೇ ಕಡೆ ನೆಕ್ಕಿಕೊಳ್ಳುತ್ತಿದ್ದರೆ ಅಭ್ಯಾಸ ಮಾಡಿಸುವ ಮಾತು ಬಿಟ್ಟು ವೆಟ್ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಗಂಡು ಬೆಕ್ಕು ಪದೇ ಪದೇ ಮಣ್ಣಿನ ಟ್ರೇಗೆ ಹೋಗಿ ತಿಣುಕುತ್ತಿದ್ದು, ಮೂತ್ರ ಬರದಿದ್ದರೆ ಅಥವಾ ಹನಿ ಮಾತ್ರ ಬರುತ್ತಿದ್ದರೆ, ಮೀಟಿಂಗ್ ಬಿಟ್ಟು ಆ ಗಳಿಗೆಯಲ್ಲೇ ಹೊರಡಿ. ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವಕ್ಕೇ ಅಪಾಯ. ಕೂಗುತ್ತಾ ನಿಮ್ಮ ಕಾಲಿಗೆ ಸುತ್ತುವುದನ್ನು ತುಂಟತನ ಅಂದುಕೊಂಡು ಬಾಗಿಲು ಹಾಕಿಬಿಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ನೀವು ಬಚ್ಚಲಿಗೆ ಹೋದರೂ ನಾಯಿ ಏದುಸಿರು ಬಿಡುತ್ತಾ, ಜೊಲ್ಲು ಸುರಿಸುತ್ತಾ, ಬಾಗಿಲು ಕೆರೆಯುತ್ತಿದ್ದರೆ ಅದು ಒಂಟಿಯಾಗಿರಲು ಹೆದರುತ್ತಿದೆ. ಹಠ ಅಂತ ಬಯ್ಯಬೇಡಿ. 2020ರ ಲಾಕ್‌ಡೌನ್‌ನಲ್ಲಿ ಮನೆಗೆ ಬಂದ ಎಷ್ಟೋ ಮರಿಗಳು ಮನೆ ಖಾಲಿ ಇರುವುದನ್ನು ನೋಡದೇ ಬೆಳೆದವು. ಡಾಕ್ಟರ್ ಸಲಹೆ ಜೊತೆಗೆ ನಿಧಾನವಾದ ಅಭ್ಯಾಸ ಬೇಕು.

ಆಫೀಸಿಗೆ ಹೋಗುವ ದಿನಕ್ಕೆ ತಯಾರಿ

ಈಗ ವಾರಕ್ಕೆ ಎರಡು ಮೂರು ದಿನ ಆಫೀಸಿಗೆ ಬನ್ನಿ ಅನ್ನುವ ಕಡೆಯೇ ಜಾಸ್ತಿ. ವಾರವಿಡೀ ಕಣ್ಣೆದುರೇ ಇದ್ದು ಒಂದು ದಿನ ಬೆಳಿಗ್ಗೆ ಹೊರಟು ರಾತ್ರಿ ಬಂದರೆ, ಅದು ಆಮೇಲಿನ ಎರಡು ದಿನ ನಿಮ್ಮ ಬೆನ್ನು ಬಿಡುವುದಿಲ್ಲ. ಅದಕ್ಕೆ ಮನೆಯಲ್ಲಿ ಇರುವ ದಿನವೂ ಸ್ವಲ್ಪ ಹೊತ್ತು ಇಲ್ಲದವರಾಗಿ. ಬ್ಯಾಗ್ ಹೆಗಲಿಗೆ ಹಾಕಿ, ಚಪ್ಪಲಿ ಮೆಟ್ಟಿ, ಬೀಗದ ಕೈ ಸದ್ದು ಮಾಡಿ, ಆಮೇಲೆ ಸುಮ್ನೆ ಬಂದು ಕೂರಿ. ನಾಲ್ಕು ದಿನ ಬಿಟ್ಟು ಹೊರಗೆ ಎರಡು ನಿಮಿಷ. ಆಮೇಲೆ ಮೂಲೆ ಅಂಗಡಿಗೆ ಹತ್ತು ನಿಮಿಷ. ಆಮೇಲೆ ಅರ್ಧ ಗಂಟೆ. ಹೊರಡುವ ಮುಂಚೆ ಮೊಸರನ್ನದ ತಟ್ಟೆ ಕೊಡಿ, ಬಂದಾಗ ಕುಣಿದಾಡುವುದು ಇಳಿದ ಮೇಲೆ ಮಾತಾಡಿಸಿ.

ನಾನು ವಾಪಸ್ ಬಂದಾಗ ಕರಿಯ ಮೊದಲು ನನ್ನ ಕೈಚೀಲ ಮೂಸುತ್ತಾನೆ, ಆಮೇಲೆ ಚಪ್ಪಲಿ, ಆಮೇಲೆ ಪ್ಯಾಂಟಿನ ಅಂಚು. ಎಲ್ಲಿಗೆ ಹೋಗಿದ್ದೆ ಅಂತ ಪೂರ್ತಿ ಓದಿ ಮುಗಿಸುವವರೆಗೆ ನಾನು ಬಾಗಿಲಲ್ಲೇ ನಿಂತಿರುತ್ತೇನೆ.